ಯಾರ ಬೆಕ್ಕು

ಬೆಟಗೇರಿಯ ನಮ್ಮ ಓಣಿಯೊಳಗ
ಬೆಕ್ಕು ಒಂದು, ಹೆಸರು ಮೂರು.
ನದಾಫರ ಹುಡುಗರಿಗೆ ಅದು ಮುನ್ನಿ.
ಗುಳೇದ ಮಾಸ್ತರರ ತಾಯಿಗೆ, ಶುಕ್ರವಾರ ಬಂತಂದ್ರ, ಗೌರಿ.
ನನಗ ಜಾಜಿ,
ಅದನ್ನೂ ಬಾಯಿಬಿಟ್ಟು ಕರದಾಕಿ ಅಲ್ಲ,
ತಾಟಿನ ಅಂಚಿಗೆ ಚಮಚ ಎರಡು ಸಲ ಬಡದರ ಸಾಕು,
ಮಗ್ಗದ ಕುಣಿಯಿಂದ ಎದ್ದು ಬರ್ತಿತ್ತು
ಮೈಗೆಲ್ಲ ನೂಲಿನ ಎಳಿ ಅಂಟಿಸಿಕೊಂಡು.

ಇಲಿ ಹಿಡಿದಾಗ ಮೂರೂ ಮನಿಯವರಿಗೆ 'ನಮ್ಮ ಬೆಕ್ಕು.'
ಮರಿ ಹಾಕಿದಾಗ ನಮ್ಮ ಬೆಕ್ಕು.
ಒಮ್ಮೆ ಯಾರದೋ ಮೀನು ಕದ್ದಾಗ ಮಾತ್ರ
ಎರಡು ದಿನ ಯಾರದೂ ಅಲ್ಲ.

ಎಂಟು ದಿನಕ್ಕ ನಳ ಬಂದಿತ್ತು ಆವತ್ತು.
ಬಾಕಳೆಯವರ ಡಿಸ್ಕೋ,
ರತ್ನಾಬಾಯಿ ದಿನಾ ಬಾಚಿ ಬಾಚಿ ಹತ್ತಿಯಂಗ ಮಾಡಿಟ್ಟ ನಾಯಿ,
ಕೊಡಗಳ ಸಾಲಿನ ಸಂದಿಯೊಳಗ ಮೂಗು ತೂರಿಸಿತು.
ಸಂದಿಯೊಳಗ ಬೆಕ್ಕಿತ್ತು.
ಬೆಕ್ಕಿನ ಹಿಂದ ಮೂರು ಮರಿ.
ಆಮ್ಯಾಲ ಆದದ್ದನ್ನ ನೋಡಿದವರಿಲ್ಲ,
ಕೇಳಿದವರು ಓಣಿ ತುಂಬ.

ಗದಗಿನ ದನದ ದವಾಖಾನಿಯವರು
ಇದು ನಮ್ಮ ಕೈಯಾಗಿನ ಕೆಲಸಲ್ಲ ಅಂದ್ರು. ಹುಬ್ಬಳ್ಳಿಗೆ ಒಯ್ದರು.
ಅಲ್ಲಿ ಕಣ್ಣು ತಗದು ಐದು ಹೊಲಿಗಿ ಹಾಕಿದರು.
ಪರಶುರಾಮಸಾ ಚೀಟಿ ತಂದು ಕಟ್ಟಿ ಮ್ಯಾಲ ಹಾಸಿದ,
ಹಾರಬಾರದಂತ ಮ್ಯಾಲೊಂದು ಲಾಳಿ ಇಟ್ಟ.
ಆಪರೇಷನ್ ನಾಕು ಸಾವಿರದ ಎರಡ್ನೂರು,
ಇಂಜೆಕ್ಷನ್ ಮುನ್ನೂರಾ ಅರವತ್ತು,
ಕಾರಿನ ಬಾಡಿಗಿ ಬ್ಯಾರೆ.
'ಬೆಕ್ಕು ಯಾರದು?' ಅಂದ.
ದನಿ ಏರಿಸಲಿಲ್ಲ.
ಏರಿಸಿದ್ದರ ಛಲೋ ಇತ್ತು, ಜಗಳಾಡಬಹುದಿತ್ತು.

ನದಾಫ ರಾಜೇಸಾಬ ಅಂದ:
'ಹುಡುಗರು ಚಂದ್ರಗೂ ಮಾಮಾ ಅಂತಾವು.
ಹಂಗಂತ ಅಂವ ನನ್ನ ಹೆಂಡ್ತಿ ತಮ್ಮೇನು?'
ಮಾಸ್ತರರು ಮದಲ ಸರಪಳಿಯ ಮಾತೆತ್ತಿದರು,
ಆಮ್ಯಾಲ, 'ನಮ್ಮವ್ವ ಉಣ್ಣೂಕಿಂತ ಮುಂಚೆ
ಒಂದು ತುತ್ತು ತಗದಿಡತಾಳ. ಕಾಗಿನೂ ತಿಂತಾವ.
ಕಾಗಿ ನಮ್ಮವೇನು?'
ಎಲ್ಲಾರೂ ನನ್ನ ಕಡೆ ನೋಡಿದರು.

ಮೂವತ್ತು ವರ್ಷ ಮಗ್ಗದಾಗ ಕುಂತಾಕಿ ನಾನು.
ಎಳಿ ಹರದರ, ಎಲ್ಲಿ ಹರೀತು ಅಂತ
ಕತ್ತಲದಾಗೂ ಬೆರಳಿಟ್ಟು ಹೇಳತೀನಿ.
ಆವತ್ತು ಅಂದದ್ದು ಇಷ್ಟ:
'ಬೆಕ್ಕಿಗೆ ಯಾವ ಮನಿ, ಅಣ್ಣಾ. ಅದು ಓಣಿದು.'

ಅಂದು ಬಾಯಿ ಮುಚ್ಚೂದರೊಳಗ
ಎಲ್ಲಿತ್ತೋ, ಬಂತು.
ಅಷ್ಟು ಮಂದಿಯ ಅಷ್ಟು ಕಾಲಿನೊಳಗ
ನನ್ನವೇ ಎರಡು ಹುಡುಕಿ,
ಬಾಲ ಎತ್ತಿ, ಮೈ ತಿಕ್ಕಿ,
ಸೀರಿಯ ನಿರಿಗಿ ಮ್ಯಾಲ ಕುಂತು
ಪಂಜ ನೆಕ್ಕಲಿಕ್ಕೆ ಹತ್ತಿತು.

ಯಾರೂ ನಗಲಿಲ್ಲ.
ರತ್ನಾಬಾಯಿ ಲಾಳಿ ಸರಿಸಿ
ಚೀಟಿ ಮಡಿಚಿ ಕುಪ್ಪಸದಾಗ ಇಟ್ಟುಕೊಂಡಳು.
'ಇರಲಿ ಬಿಡ್ರಿ' ಅಂದಳು.
ಬೈದಿದ್ದರ ಎಂಟು ದಿನದಾಗ ಮರೀತಿದ್ದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತೈತಿ ಅಂತಾರ.
ಸುಳ್ಳು. ಪೂರಾ ತೆರದು ಕುಡೀತೈತಿ,
ನನ್ನ ನೋಡಿಕೋತ.
ದೀಪ ಆರಿಸಿ, ಚಮಚ ಬಡೀದ
ಹಿತ್ತಲ ಬಾಗಿಲದಾಗ ಬಟ್ಟಲಾ ಇಡಾಕಿ
ನಾನು.

ಮುಂಜಾನೆ ಅಂಗಳಾ ಕಸ ಹೊಡಿಯುವಾಗ
ಡಿಸ್ಕೋ ಅವರ ಹೊಸ್ತಿಲ ಮ್ಯಾಲ ಕುಂತಿರತೈತಿ.
ನಮ್ಮ ಮನಿ ಇರೂದು ಅದರ ಎಡಕ್ಕ,
ಎಡಕ್ಕ ಈಗ ಏನೂ ಇಲ್ಲ ಅದಕ್ಕ.
ಕಸಬರಿಗಿ ಸಪ್ಪಳ ಕೇಳಿ
ಇಡೀ ಮಾರಿ ತಿರುಗಿಸಿ ನೋಡತೈತಿ.
ನಾನಂತ ಗೊತ್ತಾದ ಮ್ಯಾಲೂ
ಬಾಲ ಅಲ್ಲಾಡಸತೈತಿ.

ಸೆರಗಿನ ತುದಿಗೆ ಗಂಟು ಹಾಕೀನಿ,
ಸಾವಿರದ ಐದ್ನೂರಾ ಇಪ್ಪತ್ತು,
ಮೂರರಾಗ ಒಂದು ಪಾಲು.
ಉಳಿದ ಎರಡರ ಮಾತು ನಾ ಆಡೂದಿಲ್ಲ.
ನಾಳೆ ನಳ ಬರೂ ದಿನ.
ಸಾಲಿನಾಗ ರತ್ನಾಬಾಯಿಯ ಹಿಂದ ಕೊಡಾ ಇಟ್ಟು
ಕಾರಿನ ಬಾಡಿಗಿ ಎಷ್ಟಾತು
ಅಂತ ಕೇಳಬೇಕು.